ಮನೆಯಲ್ಲೇ ತುಂಬಿದ ತೋಟೆಯ ಸುಳ್ಳು ಲೆಕ್ಕ

ಅಮೆರಿಕದ ಬಂದೂಕು ಹವ್ಯಾಸಿಗಳ ನಡುವೆ ಅಪ್ಪನಿಂದ ಮಗನಿಗೆ, ಅಂಗಡಿಯವನಿಂದ ಗಿರಾಕಿಗೆ ದಾಟುತ್ತಲೇ ಇರುವ ಮಾತೊಂದಿದೆ. ಹಾರಿಸಿದ ಮೇಲೆ ನೆಲಕ್ಕೆ ಬಿದ್ದ ಹಿತ್ತಾಳೆಯ ಕೇಸನ್ನು ಎಸೆಯಬೇಡ, ಎತ್ತಿಟ್ಟುಕೋ. ಒಂದು ಪ್ರೆಸ್ಸು ಕೊಂಡುಕೊಂಡು ಅದಕ್ಕೇ ಮತ್ತೆ ಮದ್ದು ಗುಂಡು ತುಂಬು. ಅಂಗಡಿಯ ದರದ ಅರ್ಧಕ್ಕೆ ಕೆಲಸ ಮುಗಿಯುತ್ತದೆ. ಈ ಕೆಲಸಕ್ಕೆ ಅಲ್ಲಿ ರೀಲೋಡಿಂಗ್ ಎಂದು ಹೆಸರು. ಸ್ವಂತ ಬಳಕೆಗೆ ತುಂಬಿಕೊಳ್ಳುವವನು ಫೆಡರಲ್ ಪರವಾನಗಿ ಪಡೆಯಬೇಕಾಗಿಲ್ಲ, ಮಾರುವವನು ಮಾತ್ರ ಪಡೆಯಬೇಕು. ಹಾಗಾಗಿ ಟೆಕ್ಸಾಸಿನಿಂದ ಮೊಂಟಾನಾದವರೆಗೆ ಲೆಕ್ಕವಿಲ್ಲದಷ್ಟು ಗ್ಯಾರೇಜುಗಳಲ್ಲಿ ಒಂದು ಗಟ್ಟಿ ಮೇಜು, ಅದರ ಅಂಚಿಗೆ ಬೋಲ್ಟು ಹಾಕಿ ಬಿಗಿದ ಒಂದು ಕಬ್ಬಿಣದ ಪ್ರೆಸ್ಸು, ಪಕ್ಕದಲ್ಲಿ ಮದ್ದಿನ ಡಬ್ಬಿಗಳು. ಕೇಳಿದರೆ ಉತ್ತರ ಒಂದೇ: ದುಡ್ಡು ಉಳಿಯುತ್ತದೆ.

ಉಳಿಯುವುದಿಲ್ಲ. ಈ ಮಾತನ್ನು ಕೇಳಿ ಪ್ರೆಸ್ಸು ಕೊಳ್ಳುವವರಲ್ಲಿ ಬಹುಪಾಲು ಜನರಿಗೆ ಒಂದು ಡಾಲರೂ ಉಳಿಯುವುದಿಲ್ಲ. ಕೆಲವರಿಗೆ ಉಳಿಯುತ್ತದೆ, ಅವರು ಯಾರು ಎಂಬುದನ್ನು ಮುಂದೆ ನೋಡಬಹುದು. ಆದರೆ ಆ ಕೆಲವರ ಲೆಕ್ಕವನ್ನು ತೋರಿಸಿ ಉಳಿದೆಲ್ಲರಿಗೂ ಯಂತ್ರ ಮಾರುವುದಿದೆಯಲ್ಲ, ಜಗಳ ಇರುವುದು ಅದರ ಜತೆ.

ತೋಟೆಯೊಳಗೆ ಇರುವುದು ನಾಲ್ಕೇ ವಸ್ತು. ಹಿತ್ತಾಳೆಯ ಕೇಸು, ಅದರ ತಳದಲ್ಲಿ ಕೂರುವ ಪ್ರೈಮರ್, ಒಳಗಿನ ಮದ್ದು, ಬಾಯಿಗೆ ಸಿಕ್ಕಿಸಿದ ಗುಂಡು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೇಪಿನ ಕೋವಿಯ ಕಾಲದಿಂದ ಕೇಪು, ಮಸಿ, ಚರೆ, ಈಡು ಎಲ್ಲ ಅಲ್ಲಿನ ಕನ್ನಡದ ದಿನಬಳಕೆಯ ಶಬ್ದಗಳೇ. ಪ್ರೈಮರ್ ಎಂದರೆ ಆ ಕೇಪಿನ ಮೊಮ್ಮಗ. ಈಡು ಹಾರಿದಾಗ ಪ್ರೈಮರ್, ಮದ್ದು, ಗುಂಡು ಮೂರೂ ಖರ್ಚಾಗಿ ಕೇಸು ಮಾತ್ರ ಉಳಿಯುತ್ತದೆ. ಉಬ್ಬಿದ ಕೇಸನ್ನು ಡೈಯೊಳಗೆ ಒತ್ತಿ ಮೊದಲಿನ ಅಳತೆಗೆ ತಂದು, ಸುಟ್ಟ ಪ್ರೈಮರನ್ನು ಕಿತ್ತು ಹೊಸದನ್ನು ಕೂರಿಸಿ, ಅಳೆದ ಮದ್ದು ಸುರಿದು, ಮೇಲೊಂದು ಗುಂಡು ಒತ್ತಿದರೆ ಹೊಸ ತೋಟೆ. ಕೇಳುವುದಕ್ಕೆ ಇದಕ್ಕಿಂತ ಮಿತವ್ಯಯದ ಕೆಲಸ ಇನ್ನೊಂದಿಲ್ಲ. ಖಾಲಿ ಬಾಟಲಿಗೆ ಮತ್ತೆ ಎಣ್ಣೆ ತುಂಬಿಸಿಕೊಂಡು ಬಂದಷ್ಟೇ ಸರಳ.

ಒಂದು ಕಾಲದಲ್ಲಿ ಈ ಮಾತು ನಿಜವೂ ಆಗಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯದ ಬಳಿ ಮದ್ದು ರಾಶಿ ಬಿದ್ದಿತ್ತು. ಕ್ಯಾನ್ಸಸ್‌ನ ಬ್ರೂಸ್ ಹಾಡ್ಜ್‌ಡನ್ ಎಂಬಾತ ಆ ಹೆಚ್ಚುವರಿ ಮದ್ದನ್ನು ಕೊಂಡು ಹವ್ಯಾಸಿಗಳಿಗೆ ಅಗ್ಗಕ್ಕೆ ಮಾರಿದ. ಅವನ ಹೆಸರಿನ ಕಂಪನಿ ಇಂದಿಗೂ ಮದ್ದು ಮಾರುತ್ತಿದೆ. ಯುದ್ಧದ ದಿನಗಳಲ್ಲಿ ಗುಂಡುಗಳು ಸಿಗದೆ ಹೋದಾಗ ಕ್ಯಾಲಿಫೋರ್ನಿಯಾದ ಫ್ರೆಡ್ ಹಂಟಿಂಗ್ಟನ್, ಹಾರಿಸಿ ಬಿಸಾಡಿದ .22 ಕೇಸುಗಳನ್ನೇ ಗುಂಡಿನ ಹೊರಕವಚವಾಗಿ ಒತ್ತುವ ಡೈ ಮಾಡಿದ. ಆರ್‌ಸಿಬಿಎಸ್ ಎಂಬ ದೊಡ್ಡ ಕಂಪನಿ ಹುಟ್ಟಿದ್ದು ಆ ಡೈಯಿಂದ. 1958ರಲ್ಲಿ ರಿಚರ್ಡ್ ಲೀ ತಂದ ‘ಲೀ ಲೋಡರ್’ಗಂತೂ ಪ್ರೆಸ್ಸೇ ಬೇಕಿರಲಿಲ್ಲ. ಅಂಗೈಯಗಲದ ಒಂದು ಕಿಟ್ಟು, ಒಂದು ಸುತ್ತಿಗೆ, ಅಡುಗೆಮನೆಯ ಮೇಜು ಇದ್ದರೆ ಸಾಕು. ಮದ್ದು ಅಗ್ಗ, ಉಪಕರಣ ಅಗ್ಗ, ಅಂಗಡಿಯ ತೋಟೆ ಮಾತ್ರ ತುಟ್ಟಿ. ಆ ದಿನಗಳ ರೈತನೋ ಕಾರ್ಖಾನೆಯ ಕಾರ್ಮಿಕನೋ ದುಡ್ಡು ಉಳಿಸಿದೆ ಎಂದರೆ ಅವನ ಜೇಬಿನಲ್ಲಿ ನಿಜಕ್ಕೂ ಏನೋ ಉಳಿದಿರುತ್ತಿತ್ತು. ಅಜ್ಜನ ಕಾಲದ ಆ ಅನುಭವವನ್ನು ಮೊಮ್ಮಗ ಬೆಲೆಪಟ್ಟಿ ನೋಡದೆ ಒಪ್ಪಿಸುತ್ತಿದ್ದಾನೆ.

ಇಲ್ಲಿ ಶಬ್ದದ ಕಡೆಗೂ ಒಮ್ಮೆ ನೋಡಬೇಕು. ಇಂಗ್ಲಿಷಿನ ‘ಸೇವ್’ ತುಂಬ ಸಡಿಲ ಶಬ್ದ. ನೂರು ರೂಪಾಯಿಯ ಅಂಗಿಯನ್ನು ಎಂಬತ್ತಕ್ಕೆ ಕೊಂಡರೂ ಸೇವ್, ಅಂಗಿಯನ್ನೇ ಕೊಳ್ಳದೆ ಇದ್ದರೂ ಸೇವ್. ಮೊದಲನೆಯದರಲ್ಲಿ ಎಂಬತ್ತು ಹೋಗಿದೆ, ಎರಡನೆಯದರಲ್ಲಿ ನೂರೂ ಇದೆ. ಜಾಹೀರಾತಿನವರು ಬದುಕಿರುವುದು ಈ ಸಡಿಲದ ಮೇಲೆ. ಕನ್ನಡದ ‘ಉಳಿತಾಯ’ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಅದರ ಹೊಟ್ಟೆಯಲ್ಲಿ ‘ಉಳಿ’ ಎಂಬ ಧಾತು ಕೂತಿದೆ. ಏನಾದರೂ ಉಳಿದಿರಬೇಕು. ತಿಂಗಳ ಕೊನೆಗೆ ಡಬ್ಬಿ ಅಲ್ಲಾಡಿಸಿದರೆ ಸದ್ದು ಬರಬೇಕು. ‘ಒಂದು ತೋಟೆಗೆ ನಾಲ್ಕು ಸೆಂಟು ಸೇವ್’ ಎಂಬುದನ್ನು ಕನ್ನಡಕ್ಕೆ ತರುವವನು ಉಳಿತಾಯ ಎಂದು ಬರೆಯುವ ಮೊದಲು ಆ ನಾಲ್ಕು ಸೆಂಟು ಈಗ ಎಲ್ಲಿದೆ ಎಂದು ಕೇಳಬೇಕಾಗುತ್ತದೆ. (ಕನ್ನಡದ ಶಾಪಿಂಗ್ ಜಾಹೀರಾತುಗಳು ‘ಇಂದೇ ಕೊಳ್ಳಿ, ಸಾವಿರ ಉಳಿಸಿ’ ಎಂದು ಬರೆದು ಬರೆದು ನಮ್ಮ ಶಬ್ದವನ್ನೂ ಸಡಿಲ ಮಾಡಿಟ್ಟಿವೆ. ಅದು ಬೇರೆ ಜಗಳ.)

ಆ ನಾಲ್ಕು ಸೆಂಟನ್ನೇ ಹಿಡಿದು ಹೊರಡೋಣ. ಅಮೆರಿಕದಲ್ಲಿ ಹೇರಳವಾಗಿ ಹಾರುವ ಪಿಸ್ತೂಲಿನ ತೋಟೆ 9 ಎಂಎಂ. ಕಳೆದ ಒಂದೆರಡು ವರ್ಷಗಳ ಅಂಗಡಿ ದರವನ್ನು ಅಂದಾಜಿಗೆ ತೆಗೆದುಕೊಂಡರೆ 50ರ ಡಬ್ಬಿಗೆ 12ರಿಂದ 13 ಡಾಲರ್, ಅಂದರೆ ತೋಟೆಯೊಂದಕ್ಕೆ 25 ಸೆಂಟು. ಮನೆಯಲ್ಲಿ ತುಂಬುವವನಿಗೆ ಸಾವಿರ ಪ್ರೈಮರ್‌ಗೆ 70 ಡಾಲರ್, ಒಂದಕ್ಕೆ 7 ಸೆಂಟು. ಒಂದು ಪೌಂಡ್ ಮದ್ದಿಗೆ 40 ಡಾಲರ್. ಪೌಂಡಿಗೆ 7000 ಗ್ರೇನ್. ಈ ತೋಟೆಗೆ ಹಿಡಿಸುವುದು ಸುಮಾರು ಐದು ಗ್ರೇನ್. ಹಾಗಾಗಿ ಒಂದು ಪೌಂಡಿನಲ್ಲಿ 1400 ತೋಟೆ, ಒಂದಕ್ಕೆ 3 ಸೆಂಟಿಗೂ ಚೂರು ಕಡಿಮೆ. ಗುಂಡಿಗೆ 11 ಸೆಂಟು. ಒಟ್ಟು 21. ಕೇಸು ‘ಪುಕ್ಕಟೆ’ ಎಂದು ಒಪ್ಪಿಕೊಂಡರೂ ವ್ಯತ್ಯಾಸ 4 ಸೆಂಟು. ಅರ್ಧಕ್ಕರ್ಧ ಎಂಬ ಮಾತು ಎಲ್ಲಿ ಹೋಯಿತು? ಮದ್ದನ್ನೂ ಪ್ರೈಮರನ್ನೂ ಮನೆಗೆ ತರಿಸಿದರೆ ಅಪಾಯಕಾರಿ ಸರಕಿನ ಶುಲ್ಕ ಎಂದು ಪ್ರತ್ಯೇಕವಾಗಿ ಕಿತ್ತುಕೊಳ್ಳುತ್ತಾರೆ. ಸಣ್ಣ ಆರ್ಡರಿನಲ್ಲಿ ಆ ಶುಲ್ಕವೊಂದೇ ನಾಲ್ಕು ಸೆಂಟನ್ನು ನುಂಗಿ ನೀರು ಕುಡಿಯುತ್ತದೆ.

ಈಗ ಕೈಗೆ ಬರೋಣ. ಹೊಸಬರಿಗೆ ಎಲ್ಲರೂ ಶಿಫಾರಸು ಮಾಡುವುದು ಒಂದು ಎಳೆತಕ್ಕೆ ಒಂದೇ ಕೆಲಸ ಮಾಡುವ ಸಾದಾ ಪ್ರೆಸ್ಸನ್ನು. ಅದರಲ್ಲಿ ಕೈಪಳಗಿದವನಿಗೂ ಗಂಟೆಗೆ 50ರಿಂದ 100 ತೋಟೆ. ನಡುವಿನ 75 ಎಂದಿಟ್ಟುಕೊಂಡರೆ ಸಾವಿರ ತೋಟೆಗೆ 13 ಗಂಟೆ ಬೇಕು. ಆ 13 ಗಂಟೆಯಲ್ಲಿ ಉಳಿದದ್ದು 40 ಡಾಲರ್. ಗಂಟೆಗೆ ಮೂರು ಡಾಲರ್ ಆಯಿತು. ಅಮೆರಿಕದ ಫೆಡರಲ್ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರಿಗೆ ನಿಂತಿದೆ, ಅದೇ ತೀರ ಕಡಿಮೆಯಾಯಿತು ಎಂದು ಆ ದೇಶದಲ್ಲಿ ಗಲಾಟೆ. ಅದರ ಅರ್ಧಕ್ಕೂ ಕಡಿಮೆ ಕೂಲಿಗೆ ಭಾನುವಾರವೆಲ್ಲ ದುಡಿದವನು ತಾನು ಜಾಣ ಎಂದುಕೊಂಡು ಎದ್ದುಬರುತ್ತಾನೆ.

ಹಾಗಾದರೆ ವೇಗದ ಯಂತ್ರ ಕೊಳ್ಳಲಿ ಎನ್ನಬಹುದು. ಕೊಳ್ಳಬಹುದು. ಹ್ಯಾಂಡಲ್ ಒಮ್ಮೆ ಎಳೆದರೆ ಒಂದು ತೋಟೆ ಉದುರುವ ಪ್ರೋಗ್ರೆಸ್ಸಿವ್ ಪ್ರೆಸ್ಸುಗಳಿವೆ, ಗಂಟೆಗೆ 400 ತೋಟೆ ಕಷ್ಟವಲ್ಲ. ಆದರೆ ಡೈ, ತಕ್ಕಡಿ, ಕೇಸು ತೊಳೆಯುವ ಟಂಬ್ಲರ್, ಅಳತೆಯ ಕ್ಯಾಲಿಪರ್ ಎಲ್ಲ ಸೇರಿ 900 ಡಾಲರ್ ಹತ್ತಿರ ಹೋಗುತ್ತದೆ. ತೋಟೆಗೆ 4 ಸೆಂಟಿನಂತೆ ಆ 900 ವಾಪಸು ಬರಬೇಕಾದರೆ 22,500 ತೋಟೆ ತುಂಬಬೇಕು. ತಿಂಗಳಿಗೆ 200 ಹಾರಿಸುವ ಸಾಮಾನ್ಯ ಹವ್ಯಾಸಿಗೆ ಇದು ಒಂಬತ್ತು ವರ್ಷ ಮೀರಿದ ಬಾಬತ್ತು. ಅಷ್ಟರಲ್ಲಿ ಅವನು ತಕ್ಕಡಿ ಸರಿಯಿಲ್ಲವೆಂದು ಇನ್ನೊಂದು ತಕ್ಕಡಿ, ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್, ರೈಫಲಿಗೊಂದು ಬೇರೆ ಡೈ, ಕೇಸಿನ ಕತ್ತು ಕತ್ತರಿಸುವ ಟ್ರಿಮ್ಮರ್ ಕೊಂಡಿರುತ್ತಾನೆ. ಕಾಲಾಣೆ ಕೋಳಿಗೆ ಮುಕ್ಕಾಲಾಣೆ ಮಸಾಲೆ ಎಂಬ ಗಾದೆ ಕಟ್ಟಿದವರು ಈ ಗ್ಯಾರೇಜನ್ನು ನೋಡದೆಯೂ ಸರಿಯಾಗಿಯೇ ಹೇಳಿದ್ದಾರೆ.

ಇಲ್ಲಿಗೆ ಬಂದಾಗ ರೀಲೋಡಿಂಗ್ ವಕೀಲರು ಮಾತು ತಿರುಗಿಸುತ್ತಾರೆ. ಅದು ಹವ್ಯಾಸ, ಹವ್ಯಾಸಕ್ಕೆ ಕೂಲಿ ಕಟ್ಟುತ್ತಾರೆಯೇ, ಆ ಹೊತ್ತಿನಲ್ಲಿ ಬೇರೆ ಯಾರು ಅವನಿಗೆ ಸಂಬಳ ಕೊಡುತ್ತಿದ್ದರು, ಟಿವಿ ನೋಡುವ ಬದಲು ತೋಟೆ ತುಂಬಿದ. ಒಪ್ಪಬಹುದಾದ ಮಾತೇ. ಆದರೆ ಒಪ್ಪಿದ ಕೂಡಲೇ ಪ್ರೆಸ್ಸಿನ 900 ಡಾಲರು ಮನರಂಜನೆಯ ಖಾತೆಗೆ ಹೋಗಬೇಕು. ಕ್ರಿಕೆಟ್ ಬ್ಯಾಟಿನ, ವೀಣೆಯ, ಗಾಲ್ಫ್ ಕ್ಲಬ್ಬಿನ ಪಕ್ಕದಲ್ಲಿ. ವೀಣೆ ಕೊಂಡವರು ಯಾರೂ ಕಛೇರಿಯ ಟಿಕೆಟ್ ದುಡ್ಡು ಉಳಿಯಿತು ಎನ್ನುವುದಿಲ್ಲ. ಒಂದೇ ಭಾನುವಾರವನ್ನು ಬೆಳಿಗ್ಗೆ ಸಂತೋಷದ ಖಾತೆಯಲ್ಲೂ ಸಂಜೆ ಉಳಿತಾಯದ ಖಾತೆಯಲ್ಲೂ ಬರೆಯಲಾಗದು.

ಮುಂಬೈಯ ಚಾಳಿನ ಗಚ್ಚಿಯಲ್ಲಿ, ಚೆನ್ನೈಯ ಫ್ಲ್ಯಾಟಿನ ಬಾಲ್ಕನಿಯಲ್ಲಿ ಏಪ್ರಿಲ್ ಬಿಸಿಲಿಗೆ ಹಪ್ಪಳ ಒಣಹಾಕುವ ಕನ್ನಡದ ಮನೆಗಳು ಇನ್ನೂ ಇವೆ. ಅಲ್ಲಿಯೂ ಮಧ್ಯಾಹ್ನಗಳಿಗೆ ಕೂಲಿ ಕಟ್ಟುವವರಿಲ್ಲ, ಲಟ್ಟಿಸಿದ ರಟ್ಟೆಗಳ ಲೆಕ್ಕವನ್ನು ಸೊನ್ನೆ ಎಂದೇ ಬರೆದಿದ್ದಾರೆ. ಅದರ ಅನ್ಯಾಯದ ಮಾತು ಹಾಗಿರಲಿ. ಆದರೆ ಹಪ್ಪಳ ಲಟ್ಟಿಸುವಾಕೆ ಎಂದೂ ಅಂಗಡಿಯದಕ್ಕಿಂತ ಅಗ್ಗ ಎಂದು ವಾದ ಹೂಡುವುದಿಲ್ಲ. ಅಂಗಡಿಯ ಹಪ್ಪಳಕ್ಕೆ ರುಚಿಯಿಲ್ಲ, ಖಾರ ಸರಿಯಿಲ್ಲ, ಸೋಡಾ ಜಾಸ್ತಿ ಎನ್ನುತ್ತಾಳೆ. ಆಕೆಯ ಕಾರಣ ಪ್ರಾಮಾಣಿಕವಾದದ್ದು. ಅಮೆರಿಕದಲ್ಲೂ ಅಂಥವರಿದ್ದಾರೆ. ‘ರೀಲೋಡರ್’ ಎಂದು ಕರೆದರೆ ಮುಖ ಗಂಟಿಕ್ಕಿ, ತಾವು ‘ಹ್ಯಾಂಡ್‌ಲೋಡರ್’ ಎಂದು ತಿದ್ದುವವರು. ಮೇಲ್ನೋಟಕ್ಕೆ ಒಂದೇ ಅರ್ಥದ ಎರಡು ಶಬ್ದ. ಆದರೆ ಮೊದಲನೆಯದರಲ್ಲಿ ಖಾಲಿಯಾದದ್ದನ್ನು ತುಂಬುವ ಮಾತಿದೆ, ಎರಡನೆಯದರಲ್ಲಿ ಕೈಯ ಮಾತಿದೆ. ತನ್ನ ರೈಫಲಿನ ನಳಿಗೆಗೆ ಯಾವ ಗುಂಡು, ಎಷ್ಟು ಮದ್ದು ಒಗ್ಗುತ್ತದೆ ಎಂದು ತಿಂಗಳುಗಟ್ಟಲೆ ಹುಡುಕುವವರು ಇವರು. ಕಾರ್ಖಾನೆಯ ತೋಟೆ ಎಲ್ಲ ಬಂದೂಕಿಗೂ ಸಲ್ಲಬೇಕಾದ ತೋಟೆ, ತಮ್ಮದು ಒಂದೇ ಬಂದೂಕಿನದು ಎನ್ನುತ್ತಾರೆ. ಅವರ ಮೇಲೆ ಈ ಬರಹಕ್ಕೆ ಯಾವ ತಕರಾರೂ ಇಲ್ಲ.

ತಕರಾರಿರುವುದು ಪುಕ್ಕಟೆ ಕೇಸಿನ ಮೇಲೆ. ಹಾರಿಸುವ ಮೈದಾನದಲ್ಲಿ ಬಗ್ಗಿ ಆಯ್ದು ತಂದ ಕೇಸಿಗೆ ಬೆಲೆಯಿಲ್ಲ ಎಂದು ಲೆಕ್ಕದಲ್ಲಿ ಸೊನ್ನೆ ಬರೆಯುತ್ತಾರೆ. ಅದೇ ಕೇಸನ್ನು ಚೀಲದಲ್ಲಿ ತುಂಬಿ ಮಾರಿದರೆ ಕೊಳ್ಳುವವರಿದ್ದಾರೆ, ಕೊನೆಗೆ ಗುಜರಿಯವನಾದರೂ ಹಿತ್ತಾಳೆಯ ದರ ಕೊಡುತ್ತಾನೆ. ಮಾರಿದರೆ ದುಡ್ಡು ಬರುವ ವಸ್ತು ಬಳಸಿದಾಗ ಪುಕ್ಕಟೆ ಆಗುವುದು ಹೇಗೆ? ತೆಂಗಿನ ತೋಟ ಇರುವವನ ಮನೆಯ ಚಟ್ನಿ ಪುಕ್ಕಟೆ ಎಂದಂತಾಯಿತು. ಇನ್ನು ಆಯುವುದಕ್ಕೆ ಬಗ್ಗಿದ ಬೆನ್ನು, ಉಕ್ಕಿನ ಕೇಸುಗಳಿಂದ ಹಿತ್ತಾಳೆಯನ್ನು ಬೇರ್ಪಡಿಸುವ ಹೊತ್ತು, ಬಿರುಕು ಬಿಟ್ಟದ್ದನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುವ ಕಣ್ಣು, ಇವು ಯಾವ ಖಾನೆಯಲ್ಲೂ ಇಲ್ಲ.

ಎಲ್ಲಕ್ಕಿಂತ ದೊಡ್ಡ ಸೋರಿಕೆಯೊಂದಿದೆ, ಅದನ್ನು ಅವರೇ ತಮಾಷೆಯಾಗಿ ಒಪ್ಪುತ್ತಾರೆ: ದುಡ್ಡು ಉಳಿಯುವುದಿಲ್ಲ, ಅದೇ ದುಡ್ಡಿಗೆ ಜಾಸ್ತಿ ಹಾರಿಸುತ್ತೀಯ. ಹಳೆಯ ರೀಲೋಡರುಗಳೆಲ್ಲ ನಗುತ್ತ ಹೇಳುವ ಮಾತಿದು. ಆದರೆ ಅದೇ ದುಡ್ಡಿಗೆ ಎಂಬುದೂ ಉದಾರವಾದ ಲೆಕ್ಕವೇ. ತಿಂಗಳಿಗೆ ಮೂರು ಡಬ್ಬಿ, ಅಂದರೆ 150 ತೋಟೆಗೆ 37 ಡಾಲರ್ ಚಿಲ್ಲರೆ ಖರ್ಚು ಮಾಡುತ್ತಿದ್ದವನ ಮೇಜಿನ ಮೇಲೆ ಈಗ ಸಾವಿರ ತೋಟೆ ತುಂಬಿ ನಿಂತಿದೆ. ಡಬ್ಬಿ ಒಡೆಯುವಾಗ ಆಗುತ್ತಿದ್ದ ಸಂಕೋಚ ಈಗಿಲ್ಲ, 400 ಹಾರಿಸುತ್ತಾನೆ. 21 ಸೆಂಟಿನಂತೆ ಅದು 84 ಡಾಲರ್. ಒಂದೊಂದು ತೋಟೆಯಲ್ಲೂ ಉಳಿಸುತ್ತ ಉಳಿಸುತ್ತ ತಿಂಗಳ ಖರ್ಚು ಎರಡು ಪಟ್ಟು ದಾಟಿತು. ಇದನ್ನು ತಮಾಷೆಯಾಗಿ ಹೇಳುವುದರಲ್ಲೇ ಚಾಲಾಕಿ ಇದೆ. ನಗುವಾಗ ಒಪ್ಪಿಕೊಂಡಂತೆಯೂ ಆಗುತ್ತದೆ, ಮರುದಿನ ಹೊಸ ಹುಡುಗನಿಗೆ ಮತ್ತದೇ ಉಳಿತಾಯದ ಮಾತು ಹೇಳುವುದಕ್ಕೆ ಅಡ್ಡಿಯೂ ಆಗುವುದಿಲ್ಲ.

ನಿಜಕ್ಕೂ ಕಡಿಮೆ ಖರ್ಚಿನಲ್ಲಿ ಗುರಿ ಕಲಿಯಬೇಕು ಎನ್ನುವವನಿಗೆ ಅಲ್ಲೊಂದು ದಾರಿ ಮೊದಲೇ ಇದೆ. .22 ರಿಮ್‌ಫೈರ್. ಏಳೆಂಟು ಸೆಂಟಿಗೆ ಒಂದು ಸಿಗುತ್ತದೆ. ಅದರ ಸ್ಫೋಟಕ ಪ್ರತ್ಯೇಕ ಕೇಪಿನಲ್ಲಿರದೆ ಕೇಸಿನ ಅಂಚಿನ ಮಡಿಕೆಯಲ್ಲೇ ಸೇರಿಕೊಂಡಿರುತ್ತದೆ. ಸೂಜಿ ಬಡಿದು ಅಂಚು ಒಮ್ಮೆ ಜಜ್ಜಿತೆಂದರೆ ಆ ಕೇಸಿನ ಕತೆ ಮುಗಿಯಿತು, ಮತ್ತೆ ತುಂಬುವ ಪ್ರಶ್ನೆಯಿಲ್ಲ. ಪುಣೆಯ ಬಾಲೇವಾಡಿಯಲ್ಲೋ ದೆಹಲಿಯ ಕರ್ಣಿ ಸಿಂಗ್ ರೇಂಜಿನಲ್ಲೋ ಮಕ್ಕಳ ಅಭ್ಯಾಸ ನೋಡಿದವರಿಗೆ ಈ ಪುಟಾಣಿ ತೋಟೆ ಗೊತ್ತಿರುತ್ತದೆ, ಒಲಿಂಪಿಕ್ಸಿನ 50 ಮೀಟರ್ ರೈಫಲಿನದೂ ಅದೇ. ಅಗ್ಗದ ತೋಟೆಯೇ ತುಂಬಲಾಗದ ತೋಟೆ. ಉಳಿತಾಯದ ಪ್ರಚಾರಕರ ಬಾಯಲ್ಲಿ ಇದರ ಹೆಸರು ಕೇಳಿಬರುವುದು ಕಡಿಮೆ, ಅವರು ಮಾರಲು ಇದರಲ್ಲಿ ಏನೂ ಇಲ್ಲವಲ್ಲ.

ಇನ್ನು ಉಳಿಸುವವರ ಮಾತು. ದೂರದ ಗುರಿಗೆ .308 ಮ್ಯಾಚ್ ತೋಟೆ ಹಾರಿಸುವವನು ಅಂಗಡಿಯಲ್ಲಿ ಒಂದಕ್ಕೆ 1.70 ಡಾಲರ್ ಆಸುಪಾಸು ತೆರುತ್ತಾನೆ. ಮನೆಯಲ್ಲಾದರೆ ಗುಂಡಿಗೆ 45 ಸೆಂಟು, ಮದ್ದಿಗೆ 28, ಪ್ರೈಮರ್‌ಗೆ 8, ಹತ್ತು ಸಲ ಬಳಸುವ ಡಾಲರಿನ ಕೇಸಿಗೆ 10. ಒಟ್ಟು 91 ಸೆಂಟು, ಉಳಿದದ್ದು ಸುಮಾರು 80. ಇದು ಉಳಿತಾಯವೇ ಸರಿ. .338 ಲಾಪುವಾದಂಥ, ತೋಟೆಯೊಂದಕ್ಕೆ ಐದಾರು ಡಾಲರಿನ ದೈತ್ಯಗಳಿಗೆ, ಆನೆ ಬೇಟೆಯ ಕಾಲದ .470 ನೈಟ್ರೋ ಎಕ್ಸ್‌ಪ್ರೆಸ್‌ನಂಥ ಹಳಬರಿಗೆ ಕೈಯಲ್ಲಿ ತುಂಬುವುದೇ ದಾರಿ. ಶಾಟ್‌ಗನ್ನಿನಲ್ಲೂ ಸಾಮಾನ್ಯ 12 ಬೋರಿಗೆ ಲಾಭ ಕಾಣದು, ಅಂಗಡಿಯಲ್ಲಿ ಅದಕ್ಕಿಂತ ತುಟ್ಟಿಯಾದ .410ಕ್ಕೆ ಕಂಡೀತು. ಸ್ಪರ್ಧೆಗಳಲ್ಲಿ ವರ್ಷಕ್ಕೆ ಹದಿನೈದು ಸಾವಿರ 9 ಎಂಎಂ ಖಾಲಿ ಮಾಡುವವನ ಪ್ರೋಗ್ರೆಸ್ಸಿವ್ ಪ್ರೆಸ್ಸು ಒಂದೂವರೆ ವರ್ಷದಲ್ಲಿ ಅಸಲು ತೀರಿಸುತ್ತದೆ. ಒಟ್ಟಿನಲ್ಲಿ ಬೆಲೆ ಜಾಸ್ತಿ ಇರುವ ತೋಟೆಯನ್ನು ತುಂಬುವವನಿಗೆ, ಇಲ್ಲವೇ ವಿಪರೀತ ಹಾರಿಸುವವನಿಗೆ ಉಳಿಯುತ್ತದೆ. ಇವರಿಬ್ಬರೂ ಆಟಕ್ಕಾಗಿ ಮೊದಲೇ ದೊಡ್ಡ ದುಡ್ಡು ಸುರಿಯುತ್ತಿದ್ದವರು. ಸೀಸನ್ನಿಗೆ ಒಂದು ಡಬ್ಬಿ, ಇಪ್ಪತ್ತೇ ತೋಟೆ ಮುಗಿಸುವ ಜಿಂಕೆ ಬೇಟೆಗಾರನಿಗೆ ಅದೇ 80 ಸೆಂಟಿನ ಉಳಿತಾಯವನ್ನು ಧಾರಾಳವಾಗಿ ಕೊಟ್ಟರೂ, 600 ಡಾಲರಿನ ಸಾದಾ ಸಲಕರಣೆಯ ಅಸಲು ತೀರಲು 37 ವರ್ಷ ಬೇಕು. ಪ್ರಚಾರದ ಮಾತು ಹೋಗಿ ಮುಟ್ಟುವುದು ಅವನನ್ನೇ.

ಕೊನೆಯ ವಾದವೊಂದಿದೆ, ಸ್ವಲ್ಪ ಗಟ್ಟಿಯಾದದ್ದು. ಅಂಗಡಿಯಲ್ಲಿ ತೋಟೆಯೇ ಸಿಗದ ಕಾಲ ಬಂದರೆ? ಅಂಥ ಕಾಲ ಬಂದಿತ್ತು. 2012ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯ ಹತ್ಯಾಕಾಂಡದ ಬೆನ್ನಿಗೆ ಕಾನೂನು ಬಿಗಿಯಾದೀತೆಂದು ಜನ ಮುಗಿಬಿದ್ದು ಕೊಂಡರು. 2020ರಲ್ಲಿ ಕೋವಿಡ್ಡು, ಬೀದಿ ಗಲಭೆ, ಚುನಾವಣೆ ಒಟ್ಟಿಗೆ ಬಂದು ಅಂಗಡಿಗಳ ಗೂಡು ಖಾಲಿಯಾದವು. 20 ಸೆಂಟಿನ ಒಳಗಿದ್ದ 9 ಎಂಎಂ ಮೂರು ಪಟ್ಟಾಯಿತು. ಆಗ ಮನೆಯಲ್ಲಿ ತುಂಬುವವನು ನಿಶ್ಚಿಂತೆಯಿಂದ ಹಾರಿಸಿದ ಎಂದು ಹೇಳುತ್ತಾರೆ.

ಅವನು ಹಾರಿಸಿದ್ದು ಮೊದಲೇ ಕೊಂಡಿಟ್ಟ ಪ್ರೈಮರುಗಳಿಂದ. ಆ ದಿನಗಳಲ್ಲಿ ಮೊದಲು ಮಾಯವಾದ ಸರಕುಗಳಲ್ಲಿ ಪ್ರೈಮರ್ ಒಂದು; ಸಾವಿರಕ್ಕೆ 30 ಡಾಲರ್ ಇದ್ದದ್ದು 100 ದಾಟಿತು. ತೊಗರಿಬೇಳೆಯಷ್ಟು ಅಗಲದ ಈ ಲೋಹದ ಬಟ್ಟಲನ್ನು ಅಮೆರಿಕದಲ್ಲಿ ಭಾರಿ ಪ್ರಮಾಣದಲ್ಲಿ ಮಾಡುವವರು ಬೆರಳೆಣಿಕೆಯ ಕಂಪನಿಗಳು: ಸಿಸಿಐ, ಫೆಡರಲ್, ವಿಂಚೆಸ್ಟರ್, ರೆಮಿಂಗ್ಟನ್. ತೋಟೆ ಮಾಡುವವರೂ ಅವರೇ. ಅಭಾವ ಬಂದಾಗ ಅವರ ಪ್ರೈಮರ್ ಮೊದಲು ಹೋಗುವುದು ಅವರದೇ ತೋಟೆಗೆ. ಗ್ಯಾರೇಜಿನ ಸ್ವಾವಲಂಬಿ ಕಾಯಬೇಕು. 2020ರ ಜುಲೈಯಲ್ಲಿ ರೆಮಿಂಗ್ಟನ್ ದಿವಾಳಿಯಾದಾಗ ಅದರ ತೋಟೆ ಕಾರ್ಖಾನೆಯನ್ನು ಕೊಂಡದ್ದು ಸಿಸಿಐ, ಫೆಡರಲ್ ಎರಡರ ಒಡೆತನವಿದ್ದ ವಿಸ್ಟಾ ಔಟ್‌ಡೋರ್. ಮದ್ದಿನ ಕತೆಯೂ ಬೇರೆಯಲ್ಲ. ಉಕ್ರೇನ್ ಯುದ್ಧದ ನಂತರ ಫಿರಂಗಿಗಳ ಹಸಿವು ನೈಟ್ರೋಸೆಲ್ಯುಲೋಸನ್ನು ಎಳೆದುಕೊಂಡಿತು, ಹವ್ಯಾಸಿಯ ಡಬ್ಬಿಯ ಬೆಲೆ ಏರಿತು. ಪ್ರೆಸ್ಸು ಸ್ವಂತದ್ದಾದರೆ ಕಾರ್ಖಾನೆಯ ಹಂಗು ತಪ್ಪಿತು ಎಂಬುದು ಭ್ರಮೆ. ಒಂದು ಸರಕಿಗೆ ಕೈಯೊಡ್ಡುತ್ತಿದ್ದವನು ಈಗ ಮೂರು ಸರಕಿಗೆ ಕೈಯೊಡ್ಡುತ್ತಾನೆ.

2018ರಲ್ಲಿ ಮೂರು ಸೆಂಟಿಗೆ ಕೊಂಡ ಪ್ರೈಮರನ್ನು 2021ರಲ್ಲಿ ಬಳಸಿದವನು ಗೆದ್ದನಲ್ಲ ಎಂದರೆ, ಗೆದ್ದ. ಆದರೆ ಆ ಗೆಲುವು ದಾಸ್ತಾನಿನದು. ಶಿರಸಿಯಲ್ಲೋ ಸಾಗರದಲ್ಲೋ ಅಡಿಕೆ ಹಿಡಿದಿಟ್ಟು ರೇಟು ಏರಿದಾಗ ಬಿಟ್ಟವನು ಕೊನೆ ಕೊಯ್ಯುವ ಕೌಶಲದಿಂದ ಲಾಭವಾಯಿತು ಎನ್ನುವುದಿಲ್ಲ. 2018ರಲ್ಲಿ ತುಂಬಿದ ತೋಟೆಯ ಡಬ್ಬಿಗಳನ್ನೇ ಕೊಂಡಿಟ್ಟಿದ್ದರೆ ಪ್ರೆಸ್ಸಿಲ್ಲದೆಯೇ ಅವನು ಗೆಲ್ಲುತ್ತಿದ್ದ.

ಇದೆಲ್ಲ ಬರೀ ದುಡ್ಡಿನ ಲೆಕ್ಕವಾಗಿದ್ದರೆ, ಅವರ ದುಡ್ಡು ಅವರ ಹುಚ್ಚು ಎಂದು ಬಿಡಬಹುದಿತ್ತು. ಉಳಿತಾಯದ ಮಾತಿನಲ್ಲಿ ಅಪಾಯವೂ ಇದೆ. .38 ಸ್ಪೆಷಲ್ ತೋಟೆ ಹುಟ್ಟಿದ್ದು ಕಪ್ಪು ಮದ್ದಿನ ಕಾಲದಲ್ಲಿ, ಅದರ ಕೇಸು ದೊಡ್ಡದು. ಇಂದಿನ ಹೊಗೆರಹಿತ ಮದ್ದು ಅದರ ತಳದಲ್ಲಿ ಚೂರೇ ಜಾಗ ಹಿಡಿಯುತ್ತದೆ. ಮಾತಾಡುತ್ತ ಅದೇ ಕೇಸಿಗೆ ಎರಡನೇ ಸಲ ಮದ್ದು ಸುರಿದರೂ ಉಕ್ಕಿ ಬರುವುದಿಲ್ಲ, ಕಣ್ಣಿಗೆ ಬೀಳುವುದಿಲ್ಲ. ಹಾರಿಸಿದಾಗ ರಿವಾಲ್ವರಿನ ಸಿಲಿಂಡರು ಸಿಡಿಯುತ್ತದೆ, ಅದರ ಹಿಂದೆ ಬೆರಳುಗಳಿರುತ್ತವೆ. ಮದ್ದು ಸುರಿಯುವುದನ್ನೇ ಮರೆತರೆ ಪ್ರೈಮರಿನ ಬಲ ಗುಂಡನ್ನು ನಳಿಗೆಯ ನಡುವಿಗೆ ತಳ್ಳಿ ನಿಲ್ಲಿಸುತ್ತದೆ. ಟುಸ್ ಎಂಬ ಸದ್ದನ್ನು ಗಮನಿಸದೆ ಮುಂದಿನದನ್ನು ಹಾರಿಸಿದವನ ನಳಿಗೆ ಉಬ್ಬಿ ಹಾಳಾಗುತ್ತದೆ. ಮನೆಯಲ್ಲಿ ತುಂಬಿದ ತೋಟೆ ಬಳಸಿದರೆ ವಾರಂಟಿ ಇಲ್ಲ ಎಂದು ಬಂದೂಕು ಕಂಪನಿಗಳು ಕೈಪಿಡಿಯಲ್ಲೇ ಬರೆದಿರುತ್ತವೆ. 600 ಡಾಲರಿನ ಪಿಸ್ತೂಲು ಹೋದರೆ 15,000 ತೋಟೆಗಳ ನಾಲ್ಕು ನಾಲ್ಕು ಸೆಂಟು ಹೋಯಿತು. ಬೆರಳಿನ ಬೆಲೆ ಬರೆಯಲು ಖಾನೆಯೇ ಇಲ್ಲ.

ಈ ಕೆಲಸ ನಿಧಾನಕ್ಕೆ, ಏಕಾಗ್ರತೆಯಿಂದ ಮಾಡುವವರಿಗೆ ಸುರಕ್ಷಿತವಾದದ್ದು. ಐವತ್ತು ವರ್ಷ ಮಾಡಿ ಒಂದೂ ಅವಘಡ ಕಾಣದವರಿದ್ದಾರೆ. ಆದರೆ ಉಳಿತಾಯಕ್ಕೆಂದು ಕೂತವನಿಗೆ ನಿಧಾನ ಎಂದರೆ ನಷ್ಟ. ಗಂಟೆಗೆ ಎಷ್ಟು ಇಳಿಯಿತು ಎಂಬುದೇ ಅವನ ಧ್ಯಾನ. ಮಗು ಬಂದು ಏನೋ ಕೇಳುತ್ತದೆ, ಕೈ ಹ್ಯಾಂಡಲಿನ ಮೇಲೆಯೇ ಇರುತ್ತದೆ. ಆ ಮಗುವಿನ ಮಾತೂ ಇಲ್ಲಿ ಬರಬೇಕು. ಸಾಮಾನ್ಯ ಪ್ರೈಮರಿನಲ್ಲಿರುವುದು ಸೀಸದ ಸಂಯುಕ್ತ. ಹಾರಿಸಿದ ಕೇಸುಗಳನ್ನು ಟಂಬ್ಲರಿನಲ್ಲಿ ತಿರುಗಿಸಿ ಹೊರತೆಗೆಯುವಾಗ ಏಳುವ ಧೂಳಿನಲ್ಲಿ ಸೀಸ ಇರುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ತೊಂದರೆಯಿಲ್ಲ ಎನ್ನುವ ಮಟ್ಟವೇ ಗೊತ್ತಿಲ್ಲ ಎನ್ನುತ್ತದೆ ಅಮೆರಿಕದ ಸಿಡಿಸಿ. ಕೈ ತೊಳೆ, ಮುಖಕ್ಕೆ ಮಾಸ್ಕು ಹಾಕು, ಅಡುಗೆಮನೆಯಲ್ಲಿ ಮಾಡಬೇಡ, ಮೇಜಿನ ಹತ್ತಿರ ತಿನ್ನಬೇಡ ಎಂದು ಒಳ್ಳೆಯ ಕೈಪಿಡಿಗಳೆಲ್ಲ ಹೇಳುತ್ತವೆ. ಅಡುಗೆಮನೆಯ ಮೇಜಿನಲ್ಲಿ ಅಜ್ಜ ಉಳಿಸಿದ ಕತೆಗೆ ಮಾತ್ರ ಈ ಅಡಿಟಿಪ್ಪಣಿ ಇರುವುದಿಲ್ಲ.

ತೋಟೆಗೆ ಎಷ್ಟು ಬೀಳುತ್ತದೆ ಎಂದು ಲೆಕ್ಕ ಮಾಡಿಕೊಡುವ ಕೋಷ್ಟಕಗಳು ಅಲ್ಲಿ ಬೇಕಾದಷ್ಟಿವೆ. ಪ್ರೈಮರ್, ಮದ್ದು, ಗುಂಡು, ಕೇಸು ಎಂಬ ನಾಲ್ಕು ಖಾನೆ. ಬೆಲೆ ತುಂಬಿದರೆ ಕೆಳಗೆ ಉಳಿತಾಯದ ಅಂಕಿ ಹಸಿರು ಬಣ್ಣದಲ್ಲಿ ಬರುತ್ತದೆ. ಪ್ರೆಸ್ಸಿನ ಬೆಲೆಗೊಂದು, ಗಂಟೆಗೊಂದು, ಮೊದಲು ತಿಂಗಳಿಗೆ ಎಷ್ಟು ಹಾರಿಸುತ್ತಿದ್ದೆ ಎಂಬುದಕ್ಕೊಂದು, ಹೀಗೆ ಮೂರು ಖಾನೆ ಸೇರಿಸುವುದು ಕಷ್ಟದ ಕೆಲಸವಲ್ಲ. ಸೇರಿಸಿದರೆ ಅಂಕಿಯ ಬಣ್ಣ ಬದಲಾಗುತ್ತದೆ.

ದೂರದ ದೇಶದ ಈ ಮಾತು ಕನ್ನಡದವರ ಕಿವಿಗೂ ವಿಡಿಯೋಗಳ ಮೂಲಕ ಬೀಳುತ್ತಿದೆ, ಕೊಡಗಿನವರ ಕಿವಿಗಂತೂ ಸಹಜವಾಗಿಯೇ ಬೀಳುತ್ತದೆ. ಕೈಲ್ ಮುಹೂರ್ತದಂದು ಕೋವಿಗೆ ಹೂ ಮುಡಿಸಿ ಪೂಜೆ ಮಾಡುವ ನಾಡು ಅದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, ಕರ್ನಾಟಕ ಹೈಕೋರ್ಟು 2021ರಲ್ಲಿ ಎತ್ತಿಹಿಡಿದಿದೆ. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ಮದ್ದುಗುಂಡು ತಯಾರಿಸುವ ಮಾತು ಬರುವುದು 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ನಿನಲ್ಲಿ, ಅದಕ್ಕೆ ಬೇರೆಯೇ ಪರವಾನಗಿ ಬೇಕು. ಅದನ್ನು ಮೀರಿದವನಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ. ಟೆಕ್ಸಾಸಿನ ಗ್ಯಾರೇಜಿನಲ್ಲಿ ನಾಲ್ಕು ಸೆಂಟಿನ ಕೆಲಸ ಮಡಿಕೇರಿಯಲ್ಲಿ ಏಳು ವರ್ಷದ್ದು. ಅಂಥ ವಿಡಿಯೋಕ್ಕೆ ಕನ್ನಡದ ಧ್ವನಿ ಕೂರಿಸುವವರು ಇಷ್ಟನ್ನಾದರೂ ಮೊದಲ ನಿಮಿಷದಲ್ಲೇ ಹೇಳಬೇಕು.